ಫೋನಿಗೆ ಕಾಣುವ ವೈ-ಫೈ ಟಿವಿಗೆ ಕಾಣದಿದ್ದಾಗ: ಒಂದು ಪ್ರಕರಣ ಅಧ್ಯಯನ

ಮನೆಗಳ ವೈ-ಫೈ ತೊಂದರೆ ಸರಿಪಡಿಸುವ ಕೆಲಸದಲ್ಲಿ ಪದೇ ಪದೇ ಕಿವಿಗೆ ಬೀಳುವ ದೂರು ‘ಟಿವಿ ನೆಟ್ಟಿಗೆ ಕನೆಕ್ಟ್ ಆಗ್ತಿಲ್ಲ’ ಅನ್ನುವುದು. ಕೇಳುವುದಕ್ಕೆ ಒಂದೇ ದೂರು. ಆದರೆ ಟಿವಿಯಲ್ಲಿ ಸಿನಿಮಾ ಓಡಬೇಕಾದರೆ ಮೊದಲು ವೈ-ಫೈ ಹೆಸರು ಪಟ್ಟಿಯಲ್ಲಿ ಕಾಣಬೇಕು, ಪಾಸ್‌ವರ್ಡ್ ಒಪ್ಪಬೇಕು, ರೌಟರ್ ಒಂದು ಐಪಿ ವಿಳಾಸ (ನೆಟ್ಟಿನಲ್ಲಿ ಟಿವಿಯನ್ನು ಗುರುತಿಸುವ ಸಂಖ್ಯೆ) ಕೊಡಬೇಕು, ಆ್ಯಪ್ ಹುಡುಕುವ ಸರ್ವರ್ ಎಲ್ಲಿದೆಯೆಂದು ಡಿಎನ್ಎಸ್ ಹೇಳಬೇಕು, ಆ ಸರ್ವರ್ ಅಸಲಿಯೇ ಎಂದು ಟಿವಿ ಪರೀಕ್ಷಿಸಿ ನಂಬಬೇಕು, ಆಮೇಲೆ ದೃಶ್ಯ ನಿಲ್ಲದೆ ಹರಿದು ಬರಬೇಕು. ಎಲ್ಲಿ ತಡೆದರೂ ನೋಡುವವರ ಬಾಯಲ್ಲಿ ಬರುವುದು ಅದೇ ಮಾತು. ಈ ಪ್ರಕರಣದಲ್ಲಿ ಮೂರು ಕಡೆ ತಡೆ ಬಿದ್ದಿತ್ತು. ಮೂರಕ್ಕೂ ಕಾರಣ ಬೇರೆ. ಮನೆಯವರು ಮೂರನ್ನೂ ಒಂದೇ ಕಾಯಿಲೆ ಎಂದು ತಿಳಿದು, ಟಿವಿಯ ವೈ-ಫೈ ಚಿಪ್ಪೇ ಸತ್ತಿದೆ ಎಂಬ ತೀರ್ಮಾನಕ್ಕೆ ಬಂದು, ಹೊಸ ಟಿವಿ ಕೊಳ್ಳುವ ಮಾತಾಡುತ್ತಿದ್ದರು.

ದೂರು ಹೇಗಿತ್ತು

ಮನೆಯಲ್ಲಿ ಗಂಡ, ಹೆಂಡತಿ, ವಯಸ್ಸಾದ ಮಾವ. ಟಿವಿ ಹೆಚ್ಚು ನೋಡುವವರು ಮಾವನವರು. ನನಗೆ ಕರೆ ಮಾಡಿದ್ದು ಸೊಸೆ. ಏನೇನಾಯಿತು ಎಂಬುದನ್ನು ಅವರು ಕ್ರಮವಾಗಿ ನೆನಪಿಟ್ಟುಕೊಂಡಿದ್ದರು. ಈ ಕೆಲಸ ಬಗೆಹರಿದದ್ದರಲ್ಲಿ ಅರ್ಧ ಪಾಲು ಆ ನೆನಪಿನದು.

ಅವರು ಹೇಳಿದ್ದು ಇಷ್ಟು. ಅವರ ರೌಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೋ ಬ್ಯಾಂಡುಗಳಲ್ಲಿ, ಎರಡು ಬೇರೆ ಹೆಸರಿನಲ್ಲಿ ವೈ-ಫೈ ಕೊಡುತ್ತದೆ. ಮೊದಲು ಟಿವಿ 2.4 ಗಿಗಾಹರ್ಟ್ಸ್ ಹೆಸರಿಗೆ ಸೇರಿಕೊಂಡಿತ್ತು. ಹಗಲು ಚೆನ್ನಾಗಿ ನಡೆಯುತ್ತಿತ್ತು, ಸಂಜೆಯ ಹೊತ್ತು ಮಾತ್ರ ಸಿನಿಮಾ ನಿಂತು ನಿಂತು ಓಡುತ್ತಿತ್ತು. ಪರಿಚಯದವರೊಬ್ಬರು ‘5 ಗಿಗಾಹರ್ಟ್ಸ್‌ಗೆ ಹಾಕಿ’ ಅಂದರು. ಹಾಕಿದ ಮೇಲೆ ಎಲ್ಲ ಸರಿಹೋಯಿತು. ಕೆಲವು ವಾರ ಕಳೆದ ಮೇಲೆ ಒಂದು ದಿನ 5 ಗಿಗಾಹರ್ಟ್ಸ್ ಹೆಸರು ಟಿವಿಯಿಂದಲೇ ಮಾಯ. ಮರುದಿನ ಮತ್ತೆ ಇತ್ತು. ಹೀಗೆ ಬಂದು ಹೋಗುವುದು ನಡೆದೇ ಇತ್ತು.

‘ನಿನ್ನೆ ಕಾಣ್ತಿತ್ತು ಸರ್, ಇವತ್ತು ಲಿಸ್ಟ್‌ನಲ್ಲೇ ಇಲ್ಲ. ಅದೇ ಸೋಫಾ ಮೇಲೆ ಕೂತು ನನ್ನ ಫೋನಲ್ಲಿ ನೋಡಿದ್ರೆ ಫುಲ್ ಸಿಗ್ನಲ್.’

ಕೊನೆಗೆ ಯಾರೋ ಫೋನಿನಲ್ಲೇ ಸಲಹೆ ಕೊಟ್ಟು ಟಿವಿಗೆ ಫ್ಯಾಕ್ಟರಿ ರಿಸೆಟ್ ಮಾಡಿಸಿದ್ದರು, ಅಂದರೆ ಎಲ್ಲ ಸೆಟ್ಟಿಂಗ್ ಅಳಿಸಿ ಹೊಸದರಂತೆ ಮಾಡಿಸಿದ್ದರು. ಅದಾದ ಮೇಲೆ ಪರಿಸ್ಥಿತಿ ಇನ್ನೂ ಕೆಟ್ಟಿತು. ಈಗ 2.4ರ ಹೆಸರಿಗೆ ಸೇರಿಸಿದರೂ, ‘ಕನೆಕ್ಟೆಡ್’ ಎಂದು ತೋರಿಸಿದರೂ, ಒಂದು ಆ್ಯಪೂ ತೆರೆಯುತ್ತಿರಲಿಲ್ಲ. ಎಲ್ಲದರಲ್ಲೂ ‘ನೆಟ್‌ವರ್ಕ್ ಲಭ್ಯವಿಲ್ಲ’ ಎಂಬ ಒಂದೇ ಸಾಲು.

ಫ್ಯಾಕ್ಟರಿ ರಿಸೆಟ್ ಬಗ್ಗೆ ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ. ಅದು ಕಟ್ಟಕಡೆಯ ಉಪಾಯ ಆಗಬೇಕು, ಈಗ ಎಲ್ಲರೂ ಮೊದಲಿಗೇ ಹೇಳುತ್ತಾರೆ. ರಿಸೆಟ್ ಮಾಡಿದರೆ ತೊಂದರೆ ಹೋಗದಿರಬಹುದು, ಅದರ ಕುರುಹುಗಳಂತೂ ಹೋಗುತ್ತವೆ. ಜೊತೆಗೆ ಪ್ರತಿ ಆ್ಯಪಿನ ಲಾಗಿನ್ ಅಳಿಸಿಹೋಗುತ್ತದೆ. ಕಣ್ಣು ಮಂಜಾದ ಹಿರಿಯರು ರಿಮೋಟಿನ ಬಾಣದ ಗುಂಡಿ ಒತ್ತುತ್ತಾ ಒಂದೊಂದೇ ಅಕ್ಷರ ಹುಡುಕಿ ಪಾಸ್‌ವರ್ಡ್ ತುಂಬುವ ಕಷ್ಟ ಸಲಹೆ ಕೊಟ್ಟವರ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಬಿಡಿಸಿದ್ದು: ಸೇರಿಕೊಂಡಿದೆ, ಆದರೆ ಏನೂ ತೆರೆಯುವುದಿಲ್ಲ

ಮೂರರಲ್ಲಿ ಕೊನೆಗೆ ಹುಟ್ಟಿದ ತೊಂದರೆ ಇದು. ಅದನ್ನೇ ಮೊದಲು ಹಿಡಿದೆ. ಯಾಕೆಂದರೆ ಇಲ್ಲಿ ಟಿವಿ ವೈ-ಫೈಗೆ ಸೇರಿಕೊಂಡೇ ಇತ್ತು, ಅಂದರೆ ಹೆಸರು ಕಾಣುವುದು ಮತ್ತು ಪಾಸ್‌ವರ್ಡ್ ಒಪ್ಪುವುದು ಎರಡೂ ದಾಟಿದ್ದವು. ನೆಟ್‌ವರ್ಕ್ ಸ್ಥಿತಿಯ ಪುಟ ತೆರೆದು ಐಪಿ ವಿಳಾಸ ನೋಡಿದೆ. 192.168 ಎಂದು ಶುರುವಾಗುವ ಸರಿಯಾದ ವಿಳಾಸವೇ ಇತ್ತು. ಅಲ್ಲಿ 169.254 ಎಂದು ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ರೌಟರಿನಿಂದ ವಿಳಾಸ ಸಿಗದೆ ಉಪಕರಣ ತಾನೇ ಒಂದನ್ನು ಹಚ್ಚಿಕೊಂಡಾಗ ಬರುವ ಸಂಖ್ಯೆ ಅದು. ಅದು ಕಂಡರೆ ಟಿವಿಯನ್ನು ಬಿಟ್ಟು ರೌಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಕಡೆ ತಿರುಗಬೇಕು.

ಟಿವಿಯದೇ ನೆಟ್‌ವರ್ಕ್ ಪರೀಕ್ಷೆ ಓಡಿಸಿದೆ. ಟಿವಿಯಿಂದ ರೌಟರ್, ರೌಟರಿನಿಂದ ಇಂಟರ್‌ನೆಟ್, ಎಲ್ಲಕ್ಕೂ ಹಸಿರು ಗುರುತು ಬಿತ್ತು. ಮಾವನವರು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ‘ಎಲ್ಲಾ ಸರಿ ಇದೆ ಅಂತ ಅದೇ ಹೇಳ್ತಿದೆಯಲ್ಲಪ್ಪ, ಮತ್ಯಾಕೆ ಬರಲ್ಲ?’ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಪರೀಕ್ಷೆ ಪಾಸಾಗಿ ಆ್ಯಪುಗಳು ಮಾತ್ರ ಸೋಲುತ್ತಿವೆ ಎಂದರೆ, ಪರೀಕ್ಷೆ ಮುಟ್ಟದ ಯಾವುದೋ ಹಂತದಲ್ಲಿ ತಡೆ ಇದೆ.

ಆ್ಯಪುಗಳ ತಪ್ಪು ಸಂದೇಶದಿಂದ ಏನೂ ತಿಳಿಯುವುದಿಲ್ಲ. ಒಳಗೆ ಏನೇ ಆಗಿರಲಿ, ಅವು ‘ನೆಟ್‌ವರ್ಕ್ ಇಲ್ಲ’ ಎಂದು ಹೇಳಿ ಮುಗಿಸುತ್ತವೆ. ಟಿವಿಯ ಬ್ರೌಸರ್ ಹಾಗಲ್ಲ, ಅದು ಕಾರಣ ಹೇಳುತ್ತದೆ. ಅದರಲ್ಲಿ ಒಂದು ಸಾಮಾನ್ಯ ಜಾಲತಾಣ ತೆರೆದಾಗ ಬಂದದ್ದು ಭದ್ರತಾ ಪ್ರಮಾಣಪತ್ರದ ದಿನಾಂಕ ಸರಿಯಿಲ್ಲ ಎಂಬ ಎಚ್ಚರಿಕೆ. ಸೆಟ್ಟಿಂಗ್ಸ್‌ನಲ್ಲಿ ಗಡಿಯಾರ ನೋಡಿದರೆ ಟಿವಿ ಇನ್ನೂ ಹಲವು ವರ್ಷ ಹಿಂದಿನ ತಾರೀಖಿನಲ್ಲಿತ್ತು.

ಆದದ್ದು ಹೀಗೆ. ರಿಸೆಟ್ ಆದ ಮೇಲೆ ಮೊದಲ ಸೆಟಪ್ ಮಾಡುವಾಗ 5 ಗಿಗಾಹರ್ಟ್ಸ್ ಹೆಸರು ಕಾಣಲಿಲ್ಲ, ಹಾಗಾಗಿ ನೆಟ್‌ವರ್ಕ್ ಹಂತವನ್ನು ಬಿಟ್ಟು ಮುಂದಕ್ಕೆ ಹೋದರು. ಸಮಯದ ಆಯ್ಕೆ ‘ಮ್ಯಾನುಯಲ್’ಗೆ ಹೋಯಿತು. ತಾರೀಖು ಟಿವಿಯ ಸಾಫ್ಟ್‌ವೇರ್ ಹುಟ್ಟಿದ ಕಾಲಕ್ಕೆ ಜಾರಿತು. ಆಮೇಲೆ ವೈ-ಫೈಗೆ ಸೇರಿದರೂ, ಆಯ್ಕೆ ಮ್ಯಾನುಯಲ್ ಆಗಿದ್ದರಿಂದ ಟಿವಿ ಸರಿಯಾದ ಸಮಯವನ್ನು ಇಂಟರ್‌ನೆಟ್ಟಿನಿಂದ ಕೇಳಿ ಪಡೆಯಲೇ ಇಲ್ಲ.

ತಾರೀಖು ತಪ್ಪಿದರೆ ಸಿನಿಮಾ ಯಾಕೆ ನಿಲ್ಲಬೇಕು? ಪ್ರತಿ ಸುರಕ್ಷಿತ ಸರ್ವರೂ ತನ್ನ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ನಡೆಯುತ್ತದೆ ಎಂದು ಬರೆದಿರುತ್ತದೆ. ಟಿವಿ ಅದನ್ನು ತನ್ನ ಗಡಿಯಾರದೊಂದಿಗೆ ಹೋಲಿಸುತ್ತದೆ. 2020ರ ಸೆಪ್ಟೆಂಬರ್ 1ರ ನಂತರ ಕೊಟ್ಟ ಪ್ರಮಾಣಪತ್ರದ ಆಯುಸ್ಸು 398 ದಿನ ಮೀರಿದ್ದರೆ ಪ್ರಮುಖ ಬ್ರೌಸರುಗಳು ಒಪ್ಪುವುದಿಲ್ಲ. ಈ ಮಿತಿಯನ್ನು ಹಂತಹಂತವಾಗಿ ಇನ್ನೂ ಇಳಿಸಲಾಗುತ್ತಿದೆ. ಹೀಗಾಗಿ ಇವತ್ತು ಚಾಲ್ತಿಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಪ್ರಮಾಣಪತ್ರಗಳೂ ತೀರಾ ಇತ್ತೀಚಿನವು. ವರ್ಷಗಳಷ್ಟು ಹಿಂದೆ ಉಳಿದ ಗಡಿಯಾರದ ಕಣ್ಣಿಗೆ ಅವೆಲ್ಲ ಇನ್ನೂ ಶುರುವೇ ಆಗಿಲ್ಲ. ಟಿವಿ ಯಾವ ಸರ್ವರನ್ನೂ ನಂಬದೆ ಬಾಗಿಲಲ್ಲೇ ನಿಂತಿತ್ತು. ಹಸಿರು ಗುರುತು ಕೊಟ್ಟ ಆ ಪರೀಕ್ಷೆ ಪ್ರಮಾಣಪತ್ರದ ತಂಟೆಗೇ ಹೋಗಿರಲಿಲ್ಲ.

ಸಮಯವನ್ನು ‘ಆಟೋ’ಗೆ ತಿರುಗಿಸಿ ಸಮಯವಲಯ ಸರಿಮಾಡಿದೆ. ಮರುಗಳಿಗೆಯಲ್ಲಿ ಆ್ಯಪುಗಳು ತೆರೆದವು.

ಹೆಸರೇ ಕಾಣದ ಕಥೆ

ಈಗ ಅಸಲಿ ಗೋಜಲು ಉಳಿದಿತ್ತು. 5 ಗಿಗಾಹರ್ಟ್ಸ್ ಹೆಸರು ಟಿವಿಗೆ ಒಂದು ದಿನ ಕಾಣುತ್ತದೆ, ಇನ್ನೊಂದು ದಿನ ಇಲ್ಲ. ಫೋನಿಗೆ ಯಾವಾಗಲೂ ಕಾಣುತ್ತದೆ.

ಇಂಥ ಕಡೆ ಜನ ಮೊದಲು ಅನುಮಾನಿಸುವುದು ಪಾಸ್‌ವರ್ಡ್, ಭದ್ರತೆಯ ಬಗೆ, ರೌಟರಿನಲ್ಲಿ ಹಾಕಿರುವ ನಿರ್ಬಂಧ. ಇವು ಯಾವುವೂ ಇಲ್ಲಿ ಹೊಂದುವುದಿಲ್ಲ. ಪಾಸ್‌ವರ್ಡ್ ತಪ್ಪಿದ್ದರೆ ಹೆಸರು ಕಾಣುತ್ತದೆ, ಸೇರಲು ಹೋದಾಗ ತಿರಸ್ಕಾರ ಆಗುತ್ತದೆ. ರೌಟರನ್ನು 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ಭದ್ರತೆಯ ಬಗೆಗೆ ಮಾತ್ರ ಕಟ್ಟಿಹಾಕಿದ್ದರೆ ಹಳೆಯ ಟಿವಿ ಸೇರಲಾರದು, ಆಗಲೂ ಸಾಮಾನ್ಯವಾಗಿ ಹೆಸರು ಪಟ್ಟಿಯಲ್ಲಿ ಇರುತ್ತದೆ. ಆಯ್ದ ಉಪಕರಣಗಳನ್ನು ಮಾತ್ರ ಒಳಬಿಡುವ ಮ್ಯಾಕ್ ಫಿಲ್ಟರ್ ಇದ್ದರೂ ಅಷ್ಟೇ. ಹೆಸರನ್ನೇ ಮರೆಮಾಡಿದ್ದರೆ ಫೋನಿಗೂ ಕಾಣಬಾರದು. ‘ಸೇರುತ್ತಿಲ್ಲ’ ಮತ್ತು ‘ಕಾಣುತ್ತಿಲ್ಲ’ ಎರಡೂ ಬೇರೆ ದೂರುಗಳು. ಸೊಸೆ ‘ಲಿಸ್ಟ್‌ನಲ್ಲೇ ಇಲ್ಲ’ ಎಂದು ಖಚಿತವಾಗಿ ಹೇಳಿದ್ದರಿಂದ ಅಷ್ಟೂ ಅನುಮಾನಗಳನ್ನು ಒಮ್ಮೆಗೇ ಬದಿಗಿಟ್ಟೆ.

ದೂರದ ಪ್ರಶ್ನೆಯೂ ಇರಲಿಲ್ಲ. 5 ಗಿಗಾಹರ್ಟ್ಸ್ ಅಲೆಗಳು ಗೋಡೆ ದಾಟುವಾಗ 2.4ಕ್ಕಿಂತ ಬೇಗ ಸೊರಗುತ್ತವೆ ಎಂಬುದು ನಿಜ. ಆದರೆ ರೌಟರಿಗೂ ಟಿವಿಗೂ ನಡುವೆ ಇದ್ದದ್ದು ಒಂದೇ ತೆಳು ಗೋಡೆ. ಫೋನನ್ನು ಟಿವಿಯ ಬೆನ್ನಿಗೆ ಒತ್ತಿ ಹಿಡಿದಾಗಲೂ ಸಿಗ್ನಲ್ ಮೈನಸ್ 55 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸು ತೋರಿಸಿತು. ದೃಶ್ಯ ಹರಿಯಲು ಮೈನಸ್ 67ರವರೆಗೂ ಅಡ್ಡಿಯಿಲ್ಲ. ಶೂನ್ಯಕ್ಕೆ ಹತ್ತಿರವಾದಷ್ಟೂ ಗಟ್ಟಿ ಸಿಗ್ನಲ್.

ಹಾಗಾದರೆ ಟಿವಿಯ 5 ಗಿಗಾಹರ್ಟ್ಸ್ ರೇಡಿಯೋ ಕೆಟ್ಟಿರಬೇಕು, ಆಗಾಗ ಕೈಕೊಡುತ್ತಿರಬೇಕು. ಮನೆಯವರ ತೀರ್ಮಾನವೂ ಇದೇ. ಇದನ್ನು ಪರೀಕ್ಷಿಸುವುದು ಸುಲಭ. ಫೋನಿನಲ್ಲಿ 5 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಹಾಕಿದೆ. ಟಿವಿ ಅದನ್ನು ತಕ್ಷಣ ಕಂಡಿತು, ಸೇರಿತು, ವಿಡಿಯೊ ಓಡಿತು. ಅದೇ ಹೊತ್ತಿನಲ್ಲಿ ರೌಟರಿನ 5 ಗಿಗಾಹರ್ಟ್ಸ್ ಹೆಸರು ಟಿವಿಯ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಚಿಪ್ ಜೀವಂತ ಇದೆ. ಹೊಸ ಟಿವಿ ಕೊಳ್ಳುವ ಮಾತು ಅಲ್ಲಿಗೆ ನಿಂತಿತು.

ಉಳಿದ ಪ್ರಶ್ನೆ: ಹಾಟ್‌ಸ್ಪಾಟಿಗೂ ರೌಟರಿಗೂ ಏನು ವ್ಯತ್ಯಾಸ? ಒಂದೊಂದು ಬ್ಯಾಂಡಿನೊಳಗೂ ಚಾನೆಲ್ ಎಂಬ, ಸಂಖ್ಯೆ ಹಾಕಿದ ಸಣ್ಣ ದಾರಿಗಳಿರುತ್ತವೆ. ಫೋನಿನಲ್ಲಿ ಸುತ್ತಲಿನ ವೈ-ಫೈಗಳ ಚಾನೆಲ್ ತೋರಿಸುವ ಆ್ಯಪ್ ತೆರೆದೆ. ಹಾಟ್‌ಸ್ಪಾಟ್ ಚಾನೆಲ್ 36ರಲ್ಲಿತ್ತು. ರೌಟರ್ 100ರಲ್ಲಿತ್ತು. ಉತ್ತರ ಆ ಎರಡು ಸಂಖ್ಯೆಗಳಲ್ಲೇ ಇತ್ತು.

5 ಗಿಗಾಹರ್ಟ್ಸ್ ಎಂದು ಒಂದೇ ಹೆಸರಿನಿಂದ ಕರೆದರೂ ಅದು ಒಂದೇ ಸಮನಾದ ಹೆದ್ದಾರಿಯಲ್ಲ. 36ರಿಂದ 48ರವರೆಗಿನ ಚಾನೆಲ್‌ಗಳು ಒಂದು ಗುಂಪು. 149ರಿಂದ ಮೇಲಿನವು ಇನ್ನೊಂದು. ನಡುವಿನ 52ರಿಂದ 144ರವರೆಗಿನ ಭಾಗದಲ್ಲಿ ಹವಾಮಾನ ರಾಡಾರ್ ಮುಂತಾದವು ವೈ-ಫೈ ಬರುವುದಕ್ಕೆ ಮುಂಚಿನಿಂದಲೂ ಕೆಲಸ ಮಾಡುತ್ತಿವೆ. 2003ರ ವಿಶ್ವ ರೇಡಿಯೋ ಸಮ್ಮೇಳನದಲ್ಲಿ ಈ ಭಾಗವನ್ನು ವೈ-ಫೈಗೂ ತೆರೆದರು, ಆದರೆ ರಾಡಾರಿಗೆ ದಾರಿ ಬಿಡಬೇಕು ಎಂಬ ಷರತ್ತಿನೊಂದಿಗೆ. ಆ ಷರತ್ತಿನ ಹೆಸರು ಡಿಎಫ್ಎಸ್. ಇದು ಜಾರಿಯಲ್ಲಿರುವ ಕಡೆ ರೌಟರ್ ಇಂಥ ಚಾನೆಲ್ ಹಿಡಿಯುವ ಮುನ್ನ ಕನಿಷ್ಠ 60 ಸೆಕೆಂಡು ಸುಮ್ಮನೆ ಕಿವಿಗೊಟ್ಟು ರಾಡಾರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಯಾವಾಗಲಾದರೂ ರಾಡಾರ್ ಸದ್ದು ಕೇಳಿದರೆ 10 ಸೆಕೆಂಡಿನೊಳಗೆ ಚಾನೆಲ್ ಬಿಡಬೇಕು, ಅರ್ಧ ಗಂಟೆ ಅತ್ತ ತಲೆಹಾಕಬಾರದು.

ರೌಟರಿಗೆ ಸೇರುವ ಉಪಕರಣಗಳಿಗೂ ಇಲ್ಲಿ ಒಂದು ಕಟ್ಟಳೆ ಇದೆ. ಬೇರೆ ಚಾನೆಲ್‌ಗಳಲ್ಲಿ ಟಿವಿ ‘ಇಲ್ಲಿ ಯಾರಾದರೂ ಇದ್ದೀರಾ’ ಎಂದು ತಾನೇ ಕೂಗಿ ಕೇಳಬಹುದು. ರಾಡಾರ್ ಚಾನೆಲ್‌ಗಳಲ್ಲಿ ಹಾಗೆ ಮೊದಲು ಕೂಗುವಂತಿಲ್ಲ. ರೌಟರಿನ ಸಂಕೇತ ಬರುವವರೆಗೆ ಕಾಯಬೇಕು. ಅಷ್ಟು ಚಾನೆಲ್‌ಗಳಲ್ಲಿ ಹೀಗೆ ಕಾದು ಹುಡುಕಲು ಸಮಯ ಬೇಕು, ಅದಕ್ಕೆ ತಕ್ಕ ಪರೀಕ್ಷೆಗಳನ್ನೂ ಮಾಡಿಸಬೇಕು. ಆ ಗೋಜೇ ಬೇಡವೆಂದು ಆ ಚಾನೆಲ್‌ಗಳನ್ನೇ ಬಿಟ್ಟು ತಯಾರಾದ ಟಿವಿಗಳಿವೆ. ಡಬ್ಬಿಯ ಮೇಲೆ ಮಾತ್ರ ‘ಡ್ಯುಯಲ್ ಬ್ಯಾಂಡ್ ವೈ-ಫೈ’ ಎಂದೇ ಇರುತ್ತದೆ. ಈ ಮನೆಯ ಟಿವಿ ಆ ಜಾತಿಯದು. ಫೋನುಗಳಲ್ಲಿ ಹೆಚ್ಚಿನವು ಈ ಚಾನೆಲ್‌ಗಳಿಗೆ ಸೇರಬಲ್ಲವು. ಅದೇ ಫೋನು ತಾನೇ ಹಾಟ್‌ಸ್ಪಾಟ್ ಆದಾಗ ಮಾತ್ರ, ರಾಡಾರ್ ಕಾಯುವ ಹೊಣೆ ತನ್ನ ಮೇಲೆ ಬೀಳುವುದರಿಂದ, ಸಾಮಾನ್ಯವಾಗಿ ಆ ಚಾನೆಲ್‌ಗಳ ಹತ್ತಿರ ಹೋಗುವುದಿಲ್ಲ. ಹಾಟ್‌ಸ್ಪಾಟ್ ಟಿವಿಗೆ ಕಂಡದ್ದು ಅದಕ್ಕೇ.

ಇನ್ನು ಬಂದು ಹೋಗುವ ಆಟ. ರೌಟರಿನ ಚಾನೆಲ್ ಆಯ್ಕೆ ‘ಆಟೋ’ದಲ್ಲಿತ್ತು. ಪ್ರತಿ ಸಲ ಶುರುವಾದಾಗ ಅದು ಸುತ್ತಲಿನ ಗದ್ದಲ ನೋಡಿ ಖಾಲಿ ಇರುವ ಚಾನೆಲ್ ಹಿಡಿಯುತ್ತದೆ. ಕರೆಂಟು ಹೋಗಿ ಬಂದ ದಿನ ಒಮ್ಮೆ 36, ಒಮ್ಮೆ 100. 36 ಬಂದ ದಿನ ಟಿವಿ ನಡೆಯುತ್ತದೆ. 100 ಬಂದ ದಿನ ಹೆಸರೇ ಇಲ್ಲ. ‘ರೌಟರ್ ಆಫ್ ಮಾಡಿ ಆನ್ ಮಾಡಿದ್ರೆ ಕೆಲವು ಸಲ ಸರಿಹೋಗ್ತಿತ್ತು’ ಎಂದು ಸೊಸೆ ಮೊದಲೇ ಹೇಳಿದ್ದರು. ಆ ‘ಕೆಲವು ಸಲ’ದ ಒಳಗುಟ್ಟು ಇದು.

ಇದನ್ನು ಅವರ ಎದುರಿಗೇ ತೋರಿಸಬೇಕೆಂದು ರೌಟರನ್ನು ಚಾನೆಲ್ 100ಕ್ಕೆ ಕಟ್ಟಿ ಮತ್ತೆ ಶುರುಮಾಡಿದೆ. ಫೋನಿನಲ್ಲಿ 2.4ರ ಹೆಸರು ಬೇಗ ಬಂತು. 5ರ ಹೆಸರು ಬರಲು ಅದಾದ ಮೇಲೆ ಸುಮಾರು ಒಂದು ನಿಮಿಷ ಹಿಡಿಯಿತು. ಆ ತಡವೇ ರಾಡಾರಿಗೆ ಕಿವಿಗೊಟ್ಟ ಸಮಯ. ಯಾವ ಆ್ಯಪೂ ಇಲ್ಲದವರು ಈ ಗುರುತಿನಿಂದಲೇ ತಮ್ಮ ರೌಟರ್ ರಾಡಾರ್ ಚಾನೆಲ್ ಹಿಡಿದಿರಬಹುದೆಂದು ಊಹಿಸಬಹುದು. ಟಿವಿಯ ಪಟ್ಟಿಯಲ್ಲಿ 5ರ ಹೆಸರು ಬರಲಿಲ್ಲ. ಚಾನೆಲ್ 44ಕ್ಕೆ ಬದಲಿಸಿದೆ, ಬಂತು.

ಇದೇ ಬಗೆಯ ಎಡವಟ್ಟು 2.4 ಗಿಗಾಹರ್ಟ್ಸ್‌ನಲ್ಲೂ ಆಗುತ್ತದೆ. ಅಲ್ಲಿ ಬಹುಪಾಲು ದೇಶಗಳಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ, ಆದರೆ 11ರವರೆಗೆ ಮಾತ್ರ ಬಳಸುವ ದೇಶಗಳಿಗೆಂದು ತಯಾರಾದ ಉಪಕರಣಕ್ಕೆ 12, 13 ಕಾಣುವುದಿಲ್ಲ. ಬೇರೆ ದೇಶದಿಂದ ತಂದ ಟಿವಿ ಅಥವಾ ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ ಇದ್ದರೆ ಇದನ್ನು ನೆನಪಿಡಬೇಕು.

ಸಂಜೆಯ ತಡೆ

ಕೊನೆಯದು, ಎಲ್ಲಕ್ಕಿಂತ ಹಳೆಯದು: 2.4ರಲ್ಲಿದ್ದಾಗ ಸಂಜೆ ದೃಶ್ಯ ನಿಲ್ಲುತ್ತಿದ್ದದ್ದು. 5ಕ್ಕೆ ಹೋದ ಮೇಲೆ ಇದು ಮರೆತೇಹೋಗಿತ್ತು. ಮನೆಯವರಿಗೆ ಈಗ ಇದರ ಚಿಂತೆಯೂ ಇರಲಿಲ್ಲ. ಆದರೂ ಬಿಡಲು ಮನಸ್ಸಾಗಲಿಲ್ಲ. 5 ಯಾವ ಕಾರಣಕ್ಕೋ ಕೈಕೊಟ್ಟ ದಿನ ಮಾವನವರಿಗೆ ಉಳಿಯುವುದು 2.4 ಒಂದೇ.

ಸಂಜೆ ಎಂದಕೂಡಲೇ ಅಕ್ಕಪಕ್ಕದ ಮನೆಗಳ ವೈ-ಫೈ ಗದ್ದಲ ಎಂದು ಹೇಳಿಬಿಡುವ ಅಭ್ಯಾಸವಿದೆ. ಎಷ್ಟೋ ಕಡೆ ಅದು ನಿಜವೂ ಹೌದು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಈ ಮೂರೇ. ಇಲ್ಲಿ ನೋಡಿದರೆ ಚಾನೆಲ್ 1 ಬಹಳ ಮಟ್ಟಿಗೆ ಖಾಲಿ ಇತ್ತು, ರೌಟರೂ ಅದರಲ್ಲೇ ಇತ್ತು. ಸಂಜೆ ಮಾತ್ರ ನಡೆಯುವ ಬೇರೆ ಸಂಗತಿ ಏನು ಎಂದು ಕೇಳಿದೆ. ಮಾವನವರು ಸಂಜೆಯ ಒಂದು ಕಾರ್ಯಕ್ರಮವನ್ನು ಹಾರ್ಡ್ ಡಿಸ್ಕಿಗೆ ರೆಕಾರ್ಡ್‌ಗೆ ಹಾಕಿ, ಆ ಹೊತ್ತಿನಲ್ಲಿ ಆ್ಯಪಿನಲ್ಲಿ ಹಳೆಯ ಸಿನಿಮಾ ನೋಡುತ್ತಿದ್ದರು. ಡಿಸ್ಕ್ ಟಿವಿಯ ಹಿಂದೆ ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಗೆ ಸಿಕ್ಕಿಸಿತ್ತು, ಗಿಡ್ಡ ವೈರಿನಲ್ಲಿ ಟಿವಿಯ ಕೆಳ ಅಂಚಿಗೇ ಅಂಟಿಕೊಂಡಿತ್ತು. ಟಿವಿಯ ವೈ-ಫೈ ಆಂಟೆನಾ ಇದ್ದದ್ದೂ ಅದೇ ಅಂಚಿನಲ್ಲಿ.

ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಆ ಓಟದಿಂದ ಹೊಮ್ಮುವ ರೇಡಿಯೋ ಗದ್ದಲ ಅಗಲವಾಗಿ ಹರಡಿ 2.4 ಗಿಗಾಹರ್ಟ್ಸ್ ಬ್ಯಾಂಡಿನ ಮೇಲೂ ಬೀಳುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಮೋಸ ಏನೆಂದರೆ, ಪರದೆಯ ಮೇಲಿನ ಸಿಗ್ನಲ್ ಗೆರೆಗಳು ಈ ಗದ್ದಲವನ್ನು ತೋರಿಸುವುದಿಲ್ಲ. ಅವು ತೋರಿಸುವುದು ರೌಟರಿನ ದನಿ ಎಷ್ಟು ಜೋರಾಗಿದೆ ಎಂಬುದನ್ನು ಮಾತ್ರ, ಸುತ್ತಲಿನ ಗಲಾಟೆಯಲ್ಲಿ ಅದು ಕೇಳಿಸುತ್ತಿದೆಯೇ ಎಂಬುದನ್ನಲ್ಲ.

ಟಿವಿಯನ್ನು 2.4ಕ್ಕೆ ಸೇರಿಸಿ, ರೆಕಾರ್ಡಿಂಗ್ ಹಾಕಿ, ವೇಗ ನೋಡಿದೆ. ಗೆರೆಗಳು ಪೂರ್ತಿ ಇದ್ದವು, ವೇಗ ಮಾತ್ರ ನೆಲಕಚ್ಚಿತ್ತು. ಪೂರ್ಣ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15 ಮೆಗಾಬಿಟ್ ಇರಲಿ ಎಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಇಲ್ಲಿ 5 ಕೂಡ ಸಿಗುತ್ತಿರಲಿಲ್ಲ. ಡಿಸ್ಕ್ ಕಿತ್ತೆ, ವೇಗ ಏರಿತು. ಮತ್ತೆ ಸಿಕ್ಕಿಸಿದೆ, ಇಳಿಯಿತು. ಅದೇ ಡಿಸ್ಕನ್ನು ಪಕ್ಕದ ಯುಎಸ್‌ಬಿ 2.0 ಕಿಂಡಿಗೆ ಹಾಕಿದಾಗ ರೆಕಾರ್ಡಿಂಗೂ ನಡೆಯಿತು, ಸಿನಿಮಾವೂ ನಿಲ್ಲಲಿಲ್ಲ. ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಲು 2.0ರ ವೇಗವೇ ಧಾರಾಳ.

ಬಿಟ್ಟು ಬಂದ ಸ್ಥಿತಿ

ಟಿವಿ ಈಗ 5 ಗಿಗಾಹರ್ಟ್ಸ್ ಹೆಸರಿನಲ್ಲಿದೆ, ರೌಟರ್ ಚಾನೆಲ್ 44ಕ್ಕೆ ಕಟ್ಟಿದೆ, ಗಡಿಯಾರ ಆಟೋದಲ್ಲಿದೆ, ಡಿಸ್ಕ್ 2.0 ಕಿಂಡಿಯಲ್ಲಿದೆ. ಎರಡು ಬ್ಯಾಂಡಿಗೂ ಹೆಸರು ಬೇರೆ ಬೇರೆ ಇದ್ದದ್ದನ್ನು ಹಾಗೆಯೇ ಉಳಿಸಿದೆ. ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ಈ ದೋಷ ಹೊರಗೆ ಕಾಣುತ್ತಲೇ ಇರಲಿಲ್ಲ. 5 ಮಾಯವಾದ ದಿನ ಟಿವಿ ಸದ್ದಿಲ್ಲದೆ 2.4ಕ್ಕೆ ಜಾರುತ್ತಿತ್ತು, ‘ಇವತ್ತು ಯಾಕೋ ನಿಧಾನ’ ಎಂದುಕೊಂಡು ಎಲ್ಲರೂ ಸುಮ್ಮನಾಗುತ್ತಿದ್ದರು.

ಲ್ಯಾನ್ ಕೇಬಲ್ ಎಳೆಯಿರಿ ಎಂದೂ ಹೇಳಿದೆ. ಟಿವಿಗಳಲ್ಲಿ ಸಾಮಾನ್ಯವಾಗಿ ಇರುವ 100 ಮೆಗಾಬಿಟ್ ಕಿಂಡಿ 4ಕೆ ದೃಶ್ಯಕ್ಕೆ ಸಾಕು. ಕೇಬಲಿಗೆ ಚಾನೆಲ್ಲೂ ಇಲ್ಲ, ರಾಡಾರೂ ಇಲ್ಲ. ಜಾಗ ಬಿಟ್ಟು ಕದಲದ ಉಪಕರಣಕ್ಕೆ ನನ್ನ ಮೊದಲ ಆಯ್ಕೆ ಯಾವಾಗಲೂ ಕೇಬಲ್ಲೇ. ಗೋಡೆ ಕೊರೆಯಲು ಸದ್ಯಕ್ಕೆ ಬೇಡವೆಂದರು. ಒಪ್ಪತಕ್ಕ ಮಾತು.

ಒಂದು ಅಪಾಯ ಉಳಿದಿದೆ. ಇಂಟರ್‌ನೆಟ್ ಕೊಡುವ ಕಂಪನಿಗಳು ರೌಟರಿನ ಸಾಫ್ಟ್‌ವೇರನ್ನು ದೂರದಿಂದಲೇ ನವೀಕರಿಸುವುದುಂಟು. ಆಗ ಚಾನೆಲ್ ಮತ್ತೆ ಆಟೋಗೆ ಹೋಗಬಹುದು, ರೌಟರ್ ಬದಲಾಯಿಸಿದರಂತೂ ಖಂಡಿತ. ಅದಕ್ಕಾಗಿ ಒಂದು ಚೀಟಿ ಬರೆದು ರೌಟರಿನ ಬದಿಗೆ ಅಂಟಿಸಿದೆ: ‘ಟಿವಿಗೆ ಹೆಸರು ಕಾಣದಿದ್ದರೆ 5 ಗಿಗಾಹರ್ಟ್ಸ್ ಚಾನೆಲ್ ನೋಡಿ. 36, 40, 44, 48 ಇವುಗಳಲ್ಲಿ ಒಂದಕ್ಕೆ ಇಡಿ. ಹೆಸರು ಇದ್ದು ಆ್ಯಪ್ ತೆರೆಯದಿದ್ದರೆ ಟಿವಿಯ ತಾರೀಖು ನೋಡಿ. ರಿಸೆಟ್ ಮಾಡಬೇಡಿ.’ ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಯಲು ಹೇಳಿದವರು ಮಾವನವರು.